ಹೊರಗಿಟ್ಟ ಹನ್ನೊಂದು ಚೀಟಿ

ಫೆಬ್ರವರಿ 9, 2025, ಭಾನುವಾರ
ಕೊಚ್ಚಿಗೆ ಹೋಗುವ ರೈಲಿನಲ್ಲಿ

ಎರಡು ಗಂಟೆ ಹದಿನೈದು ನಿಮಿಷ ಹಾಳು. ಕೋಪ ಬಂದಾಗ ಬಾಯಿ ಬಿಡಬೇಡಿ, ಬರೆದಿಡಿ ಎಂದು ಕಾರ್ಖಾನೆಯ ಡಾಕ್ಟರು ನನ್ನ ಬಿಪಿ ನೋಡಿ ಈ ಡೈರಿ ಹಿಡಿಸಿದರು. ಹೊಸ ವರ್ಷದಿಂದ ಈಚೆಗೆ ನಲವತ್ತು ಪುಟ ತುಂಬಿದೆ, ಬಿಪಿ ಇದ್ದಲ್ಲೇ ಇದೆ. ಇವತ್ತಿನದಕ್ಕೆ ಇನ್ನೊಂದು ಡೈರಿಯೇ ಬೇಕಾದೀತು.

ನಮ್ಮ ಕನ್ನಡ ಕೂಟದವರು ತಿರುವನಂತಪುರದ ಪಟ್ಟಂನಲ್ಲಿ ಹಾಲ್ ಹಿಡಿದು ‘ಪಾಚಿಯೂರು’ ಎಂಬ ಸಿನಿಮಾ ತೋರಿಸಿದರು. ಕೊಚ್ಚಿಯವರು, ಇಲ್ಲಿಯವರು ಎಲ್ಲ ಮಕ್ಕಳುಮರಿ ಕಟ್ಟಿಕೊಂಡು ಬಂದಿದ್ದರು. ಮಕ್ಕಳ ಸಿನಿಮಾ ಎಂದು ಕಾರ್ಯದರ್ಶಿ ಹಯವದನ ರಾಯರು ವಾಟ್ಸಾಪಿನಲ್ಲಿ ಹಾಕಿದ್ದರು. ಮಕ್ಕಳ ಸಿನಿಮಾವಂತೆ! ಮಿಣ್ಣಿ ಎಂಬ ಒಂಬತ್ತು ವರ್ಷದ ಹುಡುಗಿ. ಮನೆಯ ಹಿಂದೆ ಒಂದು ನೀರಿನ ತೊಟ್ಟಿ. ತೊಟ್ಟಿಯ ಪಾಚಿಯ ಕೆಳಗೆ ಒಂದು ಊರು, ಆ ಊರಿಗೆ ಮೀನಿನ ಕಣ್ಣಿನ ಒಬ್ಬ ರಾಣಿ. ಅಪ್ಪ ಗದರಿದಾಗಲೆಲ್ಲ ಹುಡುಗಿ ಅಲ್ಲಿಗೆ ಇಳಿಯುತ್ತಾಳೆ. ಇಳಿದಾಗಲೆಲ್ಲ ರಾಣಿಗೆ ಒಂದು ಮಾತು ಒಪ್ಪಿಸಬೇಕು. ಒಪ್ಪಿಸಿದ ಮಾತು ಮೇಲೆ ಬಂದ ಮೇಲೆ ಅವಳ ಬಾಯಿಗೆ ಬರುವುದಿಲ್ಲ. ಮೊದಲು ‘ಅನ್ನ’ ಹೋಯಿತು, ಆಮೇಲೆ ‘ಕಿಟಕಿ’, ಹೀಗೆ ಒಂದೊಂದಾಗಿ ಹೋಗಿ ಕೊನೆಗೆ ‘ಅಪ್ಪ’ನೂ ಹೋದ. ಕಡೆಯ ದೃಶ್ಯದಲ್ಲಿ ಅಪ್ಪ ತೊಟ್ಟಿಯ ಮುಚ್ಚಳ ಎತ್ತಿ ಮೂರು ಸಲ ಕೂಗುತ್ತಾನೆ. ಹುಡುಗಿ ಕೆಳಗಿನಿಂದ ತಲೆಯೆತ್ತಿ ನೋಡುತ್ತಾಳೆ, ಕೈಯಲ್ಲಿದ್ದ ದೀಪ ಆರಿಸುತ್ತಾಳೆ. ಅಲ್ಲಿಗೆ ಮುಗಿಯಿತು.

ಹಾಲ್‌ನ ಲೈಟು ಹತ್ತಿದ್ದೇ ತಡ ಗಲಾಟೆ. ಹುಡುಗಿ ಸತ್ತಳು ಎಂದು ಅರ್ಧ ಜನ, ಬದುಕಿದ್ದಾಳೆ ಎಂದು ಇನ್ನರ್ಧ ಜನ. ನನ್ನ ಮೈ ಉರಿದದ್ದು ಬೇರೆ ಕಾರಣಕ್ಕೆ. ಆ ಅಪ್ಪ ಮಾಡಿದ ತಪ್ಪಾದರೂ ಏನು? ಕುಡಿಯಲಿಲ್ಲ, ಹೊಡೆಯಲಿಲ್ಲ. ಮಗಳು ನೆಟ್ಟಗೆ ಕೂರಲಿ, ನೆಟ್ಟಗೆ ಮಾತಾಡಲಿ ಎಂದ. ಅಷ್ಟಕ್ಕೇ ಅವನು ಬಾಗಿಲಿಗೆ ಬಂದಾಗಲೆಲ್ಲ ನಿರ್ದೇಶಕ ಮಹಾಶಯ ನಗಾರಿ ಬಾರಿಸಿದ್ದಾನೆ. ಮಕ್ಕಳು ಕಷ್ಟ ಬಂದರೆ ಎದುರಿಸಬೇಕೋ, ತೊಟ್ಟಿಗೆ ಇಳಿಯಬೇಕೋ?

ಪಕ್ಕದಲ್ಲಿ ಕೂತಿದ್ದ ಮಗಳನ್ನು, ಪಾವನಾಳನ್ನು, ಹೇಗಿತ್ತವಾ ಎಂದು ಕೇಳಿದೆ. ಹನ್ನೆರಡು ವರ್ಷದವಳು. “ಕೊಳ್ಳಾಂ” ಎಂದಳು. ಚೆನ್ನಾಗಿದೆ ಅನ್ನುವುದಕ್ಕೆ ಮಲಯಾಳದವರ ಮಾತು. “ಸರಿಯಾಗಿ ಹೇಳ” ಎಂದೆ. ಖಾಲಿ ಪರದೆಯ ಕಡೆ ಮುಖ ತಿರುಗಿಸಿದಳು.

ಇದು ನಮ್ಮ ಮನೆಯ ಕಾನೂನು. ನಾನು ಕೊಚ್ಚಿಯ ಏಲೂರಿನ ಗೊಬ್ಬರದ ಕಾರ್ಖಾನೆಯ ಲ್ಯಾಬಿನಲ್ಲಿ, ಹೆಂಡತಿ ವಿಜಯಶ್ರೀ ಪಟ್ಟಂನ ಬ್ಯಾಂಕಿನಲ್ಲಿ. ಅವಳಿಗೆ ಅಲ್ಲಿಗೆ ವರ್ಗವಾಗಿ ಮೂರು ವರ್ಷ. ಮಗಳು ಅವಳ ಹತ್ತಿರ ಇದ್ದಾಳೆ, ಶಾಲೆಯಲ್ಲಿ ಇಡೀ ದಿನ ಮಲಯಾಳ. ಶುಕ್ರವಾರ ಸಂಜೆ ನಾನು ಮನೆಗೆ ಕಾಲಿಟ್ಟರೆ ಭಾನುವಾರ ಹೊರಡುವ ತನಕ ಮನೆಯಲ್ಲಿ ಕನ್ನಡ ಮಾತ್ರ. ಮಲಯಾಳದಲ್ಲಿ ಕೇಳಿದರೆ ತಟ್ಟೆಗೆ ಬಡಿಸುವುದಿಲ್ಲ, ಕನ್ನಡದಲ್ಲಿ ಕೇಳಿದರೆ ಎರಡು ಸಲ ಬಡಿಸುತ್ತೇನೆ. ಧಾರವಾಡದವನ ಮಗಳು ಅಪ್ಪನ ಭಾಷೆಯಲ್ಲಿ ತೊದಲುವುದೆಂದರೇನು! ನಾನಂತೂ ಒಂಬತ್ತು ವರ್ಷ ಕೇರಳದ ಅನ್ನ ತಿಂದೂ ಮಲಯಾಳದ ಒಂದಕ್ಷರ ಕಲಿತಿಲ್ಲ. ಹಟಕ್ಕೆ ಕಲಿತಿಲ್ಲ.

ಹೊರಡುವಾಗ ರಾಯರು ಎಲ್ಲರ ಕೈಗೂ ಚೀಟಿ ಕೊಟ್ಟು ಸಿನಿಮಾದ ಬಗ್ಗೆ ತೋಚಿದ್ದು ಬರೆದು ಡಬ್ಬಿಗೆ ಹಾಕಿ ಎಂದರು. ಹೆಸರು ಹಾಕಬಾರದು, ದಾಕ್ಷಿಣ್ಯವಿಲ್ಲದೆ ಬರೆಯಬೇಕು. ಯುಗಾದಿ ಸಂಚಿಕೆಗೆ ಒಳ್ಳೆಯವನ್ನು ಆರಿಸುವವರು ಶ್ರೀ ಕಾಶೀನಾಥರು ಎಂದು ಮೈಕಿನಲ್ಲಿ ನನ್ನನ್ನು ಕೇಳದೆಯೇ ಸಾರಿದರು. ಡಬ್ಬಿ ಈಗ ನನ್ನ ಕಾಲಬುಡದಲ್ಲಿದೆ.

ಫೆಬ್ರವರಿ 11, ಮಂಗಳವಾರ

ಡ್ಯೂಟಿ ಮುಗಿಸಿ ಬಂದು ಚೀಟಿ ಓದಿದೆ. ಐವತ್ನಾಲ್ಕು ಇವೆ. ಇಷ್ಟು ಜನ ಒಂದೇ ಸಿನಿಮಾ ನೋಡಿದರೆಂದು ನಂಬುವುದು ಕಷ್ಟ.

“ಪಾಚಿ ಎಂಬುದು ಜಾಗತಿಕ ಬಂಡವಾಳದ ರೂಪಕ.” ಶ್ರೀಕಾರ್ಯಂ ಕಾಲೇಜುಗಳ ಕಡೆಯ ಯಾವನೋ ಮೇಷ್ಟ್ರು ಇರಬೇಕು. ಪಾಚಿ ಅಂದರೆ ಪಾಚಿ ಮಹಾರಾಯ, ಬಂದು ನಮ್ಮ ಕಾರ್ಖಾನೆಯ ಕೂಲಿಂಗ್ ಟವರ್ ನೋಡು.

“ರಾಣಿಯ ಮೇಕಪ್ ಸೂಪರ್. ಕಾಫಿ ತಣ್ಣಗಿತ್ತು.”

“ರಾಣಿಗೆ ಒಟ್ಟು ಎಷ್ಟು ಹಲ್ಲು?” ಇದು ಯಾವುದೋ ಮಗುವಿನದು. ಇಷ್ಟು ಹೊತ್ತಿನಲ್ಲಿ ಓದಿದ ಒಂದೇ ಬುದ್ಧಿವಂತ ಪ್ರಶ್ನೆ.

“ಹುಡುಗಿ ಮುಳುಗಿ ಸತ್ತಿದ್ದಾಳೆ. ಹಾಗೆಂದು ತೋರಿಸಲು ನಿರ್ದೇಶಕನಿಗೆ ಧೈರ್ಯವಿಲ್ಲ.”

“ಅಪ್ಪನ ಪಾತ್ರ ನೋಡಿ ನಮ್ಮ ಭಾವನವರ ನೆನಪಾಯಿತು. ದಯವಿಟ್ಟು ಇದನ್ನು ಅಚ್ಚು ಹಾಕಬೇಡಿ.”

“ಕಲ್ಪನಾಲೋಕವೇ ಮಕ್ಕಳಿಗೆ ರಕ್ಷಣೆ. ತುಂಬ ಅತ್ತೆ.” ಅಳುವವರಿಗೇನು, ಟೊಮೆಟೊ ಬೆಲೆ ಏರಿದರೂ ಅಳುತ್ತಾರೆ.

ಅಪ್ಪನ ಪರವಾಗಿ ಒಂದೇ ಒಂದು ಚೀಟಿ ಇದೆ. ಮಕ್ಕಳನ್ನು ತಿದ್ದುವ ತಂದೆಯನ್ನು ರಾಕ್ಷಸನಂತೆ ತೋರಿಸಿ ಸಮಾಜಕ್ಕೆ ಯಾವ ಸಂದೇಶ ಕೊಡುತ್ತಿದ್ದೀರಿ ಎಂದು ಕಟುವಾಗಿ, ಶುದ್ಧವಾಗಿ ಬರೆದಿದ್ದಾರೆ. ಅದನ್ನು ಬರೆದವನು ನಾನೇ.

ಹನ್ನೊಂದು ಚೀಟಿ ಮಲಯಾಳದಲ್ಲಿವೆ. ಜಿಲೇಬಿ ಸುತ್ತಿದ ಹಾಗೆ ಅಕ್ಷರ. ನಮ್ಮವರದೇ ಮಕ್ಕಳು! ಕನ್ನಡ ಕೂಟದಲ್ಲಿ ಕನ್ನಡ ಸಿನಿಮಾ ನೋಡಿ ಕನ್ನಡದ ಸಂಚಿಕೆಗೆ ಮಲಯಾಳದಲ್ಲಿ ಬರೆಯುವಷ್ಟು ಸೊಕ್ಕು. ಅಪ್ಪ ಅಮ್ಮಂದಿರಿಗೆ ನಾಚಿಕೆಯಾಗಬೇಕು. ಹನ್ನೊಂದಕ್ಕೂ ರಬ್ಬರ್ ಬ್ಯಾಂಡ್ ಹಾಕಿ ಮೇಲೆ ‘ಹೊರಗೆ’ ಎಂದು ಬರೆದಿಟ್ಟೆ.

ಫೆಬ್ರವರಿ 13, ಗುರುವಾರ

ಹಯವದನ ರಾಯರ ಫೋನು. ರಿಟೈರಾದ ಮೇಲೆ ಈ ಉಡುಪಿಯವರಿಗೆ ಕೂಟ ಬಿಟ್ಟರೆ ಕೆಲಸವಿಲ್ಲ. ಮಲಯಾಳದ ಹನ್ನೊಂದು ಚೀಟಿಗಳನ್ನು ಬಿಟ್ಟಿದ್ದೇನೆಂದು ಹೇಳಿದೆ.

“ಎಂತ ಮಾರಾಯ್ರೆ, ಮಕ್ಕಳು ಬರೆದದ್ದೇ ಅದರಲ್ಲಿ. ಸಿನಿಮಾ ಇದ್ದದ್ದು ಮಕ್ಕಳದ್ದು. ಅವರನ್ನೇ ಬಿಟ್ಟು ನಾವು ಮುದುಕರು ಬರ್ಕೊಂಡ್ರೆ ಆಗ್ತದಾ?”

“ಹಂಗಾದ್ರ ಸಂಚಿಕೀನೂ ಮಲಯಾಳದಾಗ ತಗೀರಿ” ಎಂದೆ.

“ಸಿಟ್ಟು ಮಾಡ್ಬೇಡಿ. ನಮ್ಮ ಅಲ್ವಿನ್ ಇದ್ದಾನಲ್ಲ, ಮಂಜೇಶ್ವರದವ, ಅವನಿಗೆ ಎರಡೂ ಓದ್ಲಿಕ್ಕೆ ಬರ್ತದೆ. ಅವನನ್ನು ಕಳಿಸ್ತೇನೆ, ಅವ ಓದಿ ಹೇಳ್ಲಿ, ನೀವು ಬರ್ಕೊಳ್ಳಿ.”

ಫೋನ್ ಕುಕ್ಕಿದೆ. ಮಧ್ಯಾಹ್ನ ಒಂದು ಸ್ಯಾಂಪಲ್ಲಿನ ನೈಟ್ರೋಜನ್ ಎರಡು ಸಲ ತಪ್ಪು ಬಂತು. ಇದಕ್ಕೂ ರಾಯರೇ ಕಾರಣ.

ಫೆಬ್ರವರಿ 16, ಭಾನುವಾರ

ಒಂದಾದರೂ ಒಳ್ಳೆಯ ಸುದ್ದಿ ಬರೆಯೋಣ. ಮೂರು ವರ್ಷದ ಕಾನೂನು ಫಲ ಕೊಟ್ಟಿದೆ. ಶುಕ್ರವಾರ ಸಂಜೆಯಿಂದ ಇವತ್ತು ಹೊರಡುವ ತನಕ ಪಾವನಾಳ ಬಾಯಿಂದ ಒಂದೇ ಒಂದು ಮಲಯಾಳ ಮಾತು ಬರಲಿಲ್ಲ. ರೊಟ್ಟಿ ಬೇಕಾದರೆ ತಟ್ಟೆ ಮುಂದೆ ಮಾಡಿದಳು, ಸಾಕಾದರೆ ಕೈ ಅಡ್ಡ ಹಿಡಿದಳು. ಗಲಾಟೆಯಿಲ್ಲ, ವಾದವಿಲ್ಲ. ಎಷ್ಟು ಶಿಸ್ತಾಗಿದ್ದಾಳೆ ನೋಡು ಎಂದು ವಿಜಯಶ್ರೀಗೆ ಹೇಳಿದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಪಾತ್ರೆ ತೊಳೆಯಲು ಹೋದಳು.

ಆಮೇಲೆ ಸಿಟ್ಟಿಗೆ ಕಾರಣ ಸಿಕ್ಕೇ ಸಿಕ್ಕಿತು. ಎರಡು ವರ್ಷ ಕಾಡಿ ಬೇಡಿ ವಿಜಯಶ್ರೀಗೆ ಕೊಚ್ಚಿಗೆ ವರ್ಗ ಸಿಗುವ ಹಾಗೆ ಮಾಡಿದ್ದೇನೆ. ಏಲೂರಿನಲ್ಲಿ ದೊಡ್ಡ ಕ್ವಾರ್ಟರ್ಸ್ ಬರೆಸಿಕೊಂಡಿದ್ದೇನೆ. ಏಪ್ರಿಲ್‌ನಲ್ಲಿ ಮೂವರೂ ಒಂದೇ ಸೂರಿನ ಕೆಳಗೆ, ವಾರಕ್ಕೆ ಎರಡು ದಿನವಲ್ಲ, ಏಳು ದಿನ. ಅವಳು ಮಾಡಬೇಕಾದದ್ದು ಇಷ್ಟೆ, ಮಾರ್ಚ್ ಹತ್ತರೊಳಗೆ ಬ್ಯಾಂಕಿಗೆ ಒಪ್ಪಿಗೆ ಪತ್ರ ಕೊಡುವುದು. ಇನ್ನೂ ಕೊಟ್ಟಿಲ್ಲ!

“ಪಾವನಾನ ಒಂದ್ಮಾತು ಕೇಳೋಣ ಅಂತಿದ್ದೆ ರೀ.”

“ಮಕ್ಕಳನ್ನ ಕೇಳಿ ಸಂಸಾರ ಮಾಡ್ತಾರೇನು?”

“ಸಂಸಾರದಲ್ಲಿ ಅವಳೂ ಇದ್ದಾಳಲ್ಲ.”

ಎಲ್ಲ ಆ ದರಿದ್ರ ಸಿನಿಮಾದ ಪ್ರಭಾವ. ಹೆಂಗಸರಿಗೂ ಈಗ ಅಪ್ಪಂದಿರು ಕಂಡರೆ ನಗಾರಿ ಕೇಳಿಸುತ್ತಿದೆ.

ಫೆಬ್ರವರಿ 21, ಶುಕ್ರವಾರ

ಮಧ್ಯಾಹ್ನವೇ ರಜೆ ಹಾಕಿ ಎಂದಿನದಕ್ಕಿಂತ ಮೊದಲಿನ ರೈಲು ಹಿಡಿದೆ. ಐದು ಗಂಟೆಗೆ ಪಟ್ಟಂ ತಲುಪಿದೆ. ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತುತ್ತಿದ್ದಾಗ ಮೇಲೆ ಯಾವುದೋ ಹುಡುಗಿ ಮಲಯಾಳದಲ್ಲಿ ಒಂದೇ ಸಮನೆ ಮಾತಾಡುತ್ತಿತ್ತು. ಏನೋ ಕಥೆ ಹೇಳುತ್ತಿತ್ತು. ಒಂದು ಗಡಸು ದನಿ, ಒಂದು ಕೀರಲು ದನಿ ತೆಗೆದು, ನಡುನಡುವೆ ತಾನೇ ನಗುತ್ತ. ಕೇಳುತ್ತಿದ್ದವರು ಬಿದ್ದು ಬಿದ್ದು ನಗುತ್ತಿದ್ದರು. ಯಾರ ಮನೆಯ ಹುಡುಗಿಯಪ್ಪಾ ಇದು, ಎಷ್ಟು ಚೂಟಿ ಎಂದುಕೊಂಡು ನನಗೂ ನಗು ಬಂತು. ಭಾಷೆ ತಿಳಿಯದಿದ್ದರೂ ಬಂತು.

ತಿರುವು ದಾಟಿದರೆ ನನ್ನ ಮಗಳು.

ನನ್ನನ್ನು ಕಂಡದ್ದೇ ಮಾತು ಅಲ್ಲಿಗೇ ನಿಂತಿತು. ಎದ್ದು ಫ್ರಾಕು ಕೊಡವಿಕೊಂಡು ಒಳಗೆ ಹೋದಳು. ಪಕ್ಕದ ಮನೆಯ ಹುಡುಗಿ ನನಗೆ “ಅಂಕಲೇ” ಎಂದು ಹಲ್ಲು ಕಿರಿಯಿತು. ಆ ಹುಡುಗಿಯ ತಾಯಿಗೆ ಒಂದು ಮಾತು ಹೇಳಬೇಕು, ಪರೀಕ್ಷೆಯ ಹೊತ್ತಿನಲ್ಲಿ ಇದೇನು ಮೆಟ್ಟಿಲ ಮೇಲೆ ನಾಟಕ ಎಂದು.

ಮಗಳ ದನಿ ನನಗೆ ಗುರುತು ಸಿಗಲಿಲ್ಲ. ಮೆಟ್ಟಿಲಲ್ಲಿ ಶಬ್ದ ಗುಂಯ್ ಎನ್ನುತ್ತದೆ, ಅದಕ್ಕೇ.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ರಜೆ. ಅಲ್ವಿನ್ ಬೆಳಿಗ್ಗೆ ಬೈಕಿನಲ್ಲಿ ಕಾಕ್ಕನಾಡಿನಿಂದ ಬಂದ. ಐಟಿ ಪಾರ್ಕಿನ ಹುಡುಗ, ಇಪ್ಪತ್ತಾರು ಇಪ್ಪತ್ತೇಳು. ನಾನು ಉಪವಾಸವೆಂದು ತಾನೂ ಚಹಾ ಬೇಡ ಎಂದ. ಅವನನ್ನು ನಾಲ್ಕು ಮಾತು ಅಂದು ಕಳಿಸಬೇಕೆಂದಿದ್ದೆ, ಇಂಥ ಹುಡುಗನಿಗೆ ಅನ್ನುವುದು ಹೇಗೆ? ರಬ್ಬರ್ ಬ್ಯಾಂಡ್ ಬಿಚ್ಚಿ ಕೊಟ್ಟೆ.

ಓದಿ ಓದಿ ಕನ್ನಡದಲ್ಲಿ ಹೇಳುತ್ತ ಹೋದ, ನಾನು ಬರೆದುಕೊಂಡೆ. ಮೊದಲಿನ ಆರು ಸಾಧಾರಣ. ಒಬ್ಬಳಿಗೆ ಪಾಚಿಯೂರಿನ ಬಸ್ಸು ಇಷ್ಟವಾಗಿದೆ. ಒಬ್ಬ ರಾಣಿಯನ್ನು ಕೊಲ್ಲಲು ಮೂರು ಉಪಾಯ ಬರೆದಿದ್ದಾನೆ. ಏಳನೆಯದನ್ನು ತೆಗೆದವನು ಮೊದಲು ಮನಸ್ಸಿನಲ್ಲೇ ಓದಿಕೊಂಡ.

“ಇದು ಬೇಡ ಸರ್. ಮುಂದಿನದ್ದು ಓದುವ.”

“ಯಾಕ? ಏನೈತಿ ಅದರಾಗ? ಓದು.”

ಅವನು ಓದಿದ. ಅವನು ಹೇಳಿದ ಹಾಗೆಯೇ ಬರೆದುಕೊಂಡೆ, ಒಂದಕ್ಷರ ಬಿಟ್ಟಿಲ್ಲ:

“ಮಿಣ್ಣಿ ಸತ್ತಿಲ್ಲ. ಎಲ್ಲರೂ ಸತ್ತಳು ಅಂತ ಜಗಳ ಮಾಡ್ತಾ ಇದ್ದಾರೆ. ಅವಳಿಗೆ ಅಪ್ಪ ಕರೆದದ್ದು ಮೂರು ಸಲವೂ ಕೇಳಿದೆ. ಓ ಅಂತ ಹೇಳಿದರೆ ಅಪ್ಪ ಮತ್ತೆ ‘ಸರಿಯಾಗಿ ಹೇಳ’ ಅಂತಾರೆ. ಅದಕ್ಕೆ ದೀಪ ಆರಿಸಿದಳು. ನನಗೂ ಒಂದು ಪಾಚಿಯೂರು ಇದೆ. ಅದು ಸೋಮವಾರದಿಂದ ಶುಕ್ರವಾರದ ತನಕ ಇರ್ತದೆ. ಏಪ್ರಿಲಿನಿಂದ ಅದು ಇರುವುದಿಲ್ಲ. ಚೀಟಿ ಆರಿಸುವವರಿಗೆ ಮಲಯಾಳ ಓದಲಿಕ್ಕೆ ಬರುವುದಿಲ್ಲ. ಅದಕ್ಕೆ ನಿಜ ಬರೆದೆ.”

‘ಸರಿಯಾಗಿ ಹೇಳ’ ಎಂಬುದನ್ನು ಅಲ್ವಿನ್ ಅನುವಾದ ಮಾಡಲಿಲ್ಲ. ಚೀಟಿಯಲ್ಲಿ ಅದೊಂದು ಮಾತು ಮಾತ್ರ ಕನ್ನಡದಲ್ಲೇ ಇತ್ತಂತೆ, ಮಲಯಾಳದ ಅಕ್ಷರದಲ್ಲಿ ಬರೆದು. ಅವನ ಮಂಗಳೂರು ಬಾಯಲ್ಲಿ ನನ್ನ ಧಾರವಾಡ.

“ಇದನ್ನ ಯಾರು ಬರೆದದ್ದು ಅಂತ ನಂಗೆ ಗೊತ್ತಿಲ್ಲ ಸರ್” ಎಂದ, ನೆಲ ನೋಡುತ್ತ. ಗೊತ್ತಾಗಿತ್ತು ಅವನಿಗೆ.

ಅವನ ಮೇಲೆ ರೇಗಿದೆ. ನಿನಗ್ಯಾರು ಬರಹೇಳಿದ್ದು, ಆ ಮುದುಕ ಕಳಿಸಿದನೆಂದು ಕಂಡವರ ಮನೆಗೆ ಮೂಗು ತೂರಿಸುವುದೇ ಎಂದೆ. ಅವನು ಉಳಿದ ನಾಲ್ಕನ್ನೂ ಓದಿ ಮುಗಿಸಿದ. ಆ ನಾಲ್ಕನ್ನು ಬರೆದುಕೊಳ್ಳಲು ನನಗೆ ಕೈ ಬರಲಿಲ್ಲ. ಅವನೇ ಬರೆದುಕೊಟ್ಟು ಹೋದ.

ಫೆಬ್ರವರಿ 27, ಗುರುವಾರ

ನಾನು ಆ ಹುಡುಗಿಗಾಗಿ ವಾರಕ್ಕೆ ಎರಡು ಸಲ ಇನ್ನೂರು ಕಿಲೋಮೀಟರ್ ರೈಲಿನಲ್ಲಿ ನೇತಾಡುತ್ತೇನೆ. ಮೂರು ವರ್ಷದಿಂದ. ಒಂದು ಶುಕ್ರವಾರವೂ ತಪ್ಪಿಸಿಲ್ಲ.

ಒಂದೂ ತಪ್ಪಿಸಿಲ್ಲ!

ಮಾರ್ಚ್ 2, ಭಾನುವಾರ
ರೈಲಿನಲ್ಲಿ

ಚೀಟಿಯ ವಿಷಯ ಯಾರಿಗೂ ಹೇಳಲಿಲ್ಲ. ವಿಜಯಶ್ರೀಗೂ ಇಲ್ಲ.

ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗ ಪಾವನಾ ಎಂದಿನಂತೆ ತಟ್ಟೆ ಮುಂದೆ ಮಾಡಿದಳು. “ಯಾವ ಭಾಷೆಯಾಗರ ಕೇಳವಾ, ಬಡಸ್ತೀನಿ” ಎಂದೆ. ಅವಳು ಗಾಬರಿಯಿಂದ ತಾಯಿಯ ಮುಖ ನೋಡಿದಳು. ಇದು ಹೊಸ ಪರೀಕ್ಷೆ ಎಂದು ತಿಳಿದಳೋ ಏನೋ, ರೊಟ್ಟಿ ಬೇಡವೆಂದು ಕೈ ಅಡ್ಡ ಮಾಡಿ ಎದ್ದೇಬಿಟ್ಟಳು. ಅರ್ಧ ಹೊಟ್ಟೆಯಲ್ಲಿ. ಅದಕ್ಕೂ ನನಗೆ ಸಿಟ್ಟೇ ಬಂತು, ಆದರೆ ಯಾರ ಮೇಲೆ ಎಂದು ಹುಡುಕಿದರೆ ಯಾರೂ ಸಿಗಲಿಲ್ಲ.

ಇವತ್ತು ಹೊರಡುವ ಮೊದಲು ಅವಳ ಕೋಣೆಗೆ ಹೋದೆ. ಸಮಾಜ ವಿಜ್ಞಾನದ ಪುಸ್ತಕ ಹಿಡಿದು ಕೂತಿದ್ದಳು.

“ಕೊಚ್ಚಿಗೆ ಬರಾಕ ನಿನಗ ಮನಸೈತೇನು?”

ಬಹಳ ಹೊತ್ತು ಪುಸ್ತಕದ ಮೂಲೆ ಮಡಚಿದಳು, ಬಿಚ್ಚಿದಳು. ಆಮೇಲೆ ಒಂದೇ ಉಸಿರಿಗೆ ಮಲಯಾಳದಲ್ಲಿ ಏನೋ ಹೇಳಿದಳು. ಮೂರು ವರ್ಷದಲ್ಲಿ ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ಶಾಲೆ ಎಂದಿತ್ತು, ಅಮ್ಮ ಎಂದಿತ್ತು, ಉಳಿದದ್ದು ಕೈಗೆ ಸಿಗಲಿಲ್ಲ. ಸಿಗಲಿ ಎಂಬ ಆಸೆಯಿಂದ, ನಿಜವಾಗಿಯೂ ಆಸೆಯಿಂದ, “ಇನ್ನೊಮ್ಮೆ ಹೇಳ” ಎಂದೆ.

ಬಾಯಿ ಮುಚ್ಚಿತು. ಮುಖವೂ ಮುಚ್ಚಿತು. ನನಗೆ ನನ್ನ ನಾಲಿಗೆಯನ್ನೇ ಕಿತ್ತು ಬಿಸಾಡುವಷ್ಟು ಕೋಪ ಬಂತು. ನಾನು ಎಷ್ಟು ಮೆತ್ತಗೆ ಕೇಳಿದರೂ ಅವಳಿಗೆ ಅದು ಹಾಗೆಯೇ ಕೇಳಿಸುತ್ತದೆ.

“ತಪ್ಪು ಹಿಡಿಯಾಕಲ್ಲವಾ” ಎಂದೆ. “ನನಗ ತಿಳೀಲಿಲ್ಲ. ನನಗ ಬರೂದಿಲ್ಲ, ಅದಕ್ಕ ಕೇಳಿದೆ.”

ಅವಳು ತಲೆಯೆತ್ತಿ ನೋಡಿದಳು. ನನಗೆ ಒಂದು ವಿಷಯ ಬರುವುದಿಲ್ಲ ಎಂದು ಆ ಮನೆಯಲ್ಲಿ ನಾನು ಇದುವರೆಗೆ ಹೇಳಿರಲಿಲ್ಲ ಎಂದು ಈಗ ರೈಲಿನಲ್ಲಿ ಹೊಳೆಯುತ್ತಿದೆ.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ವಿಜಯಶ್ರೀಗೆ, “ಆ ಒಪ್ಪಿಗಿ ಪತ್ರ ಕೊಡಬ್ಯಾಡ” ಎಂದೆ. ದನಿ ಜೋರಾಗಿಯೇ ಬಂತು, ಜಗಳಕ್ಕೆ ನಿಂತವನ ಹಾಗೆ.

“ನಿಜವಾಗ್ಲೂ ಹೇಳ್ತಿದೀರಾ?”

“ಎಷ್ಟು ಸಲ ಹೇಳಬೇಕು ನಿನಗ?”

“ಎರಡು ವರ್ಷದಿಂದ ಒಂದೇ ಸಮ ಹಿಂದೆ ಬಿದ್ದಿದ್ರಿ. ಈಗ ಏನಾಯ್ತು ರೀ?”

ರೈಲಿಗೆ ಹೊತ್ತಾಯಿತು ಎಂದು ಮೆಟ್ಟಿಲಿಳಿದೆ. ಕೊಲ್ಲಂ ಬರುವ ತನಕ ಎದುರು ಸೀಟಿನವನು ಫೋನಿನಲ್ಲಿ ಕಿರುಚುತ್ತಿದ್ದ. ಅವನಿಗೊಂದು ಗದರಿಸಿದೆ. ಸ್ವಲ್ಪ ಹಗುರಾಯಿತು.

ಮಾರ್ಚ್ 5, ಬುಧವಾರ

ಸಂಚಿಕೆಗೆ ಚೀಟಿಗಳನ್ನು ಕಳಿಸಿದೆ. ಮಲಯಾಳದವೂ ಹೋದವು, ಅಲ್ವಿನ್ನನ ಅನುವಾದ ಸಮೇತ. ನನ್ನದನ್ನು ಹರಿದು ಹಾಕಿದೆ. ವ್ಯಾಕರಣ ಸರಿಯಿತ್ತು, ಅಷ್ಟೆ. ಸಂಜೆ ರಾಯರ ಫೋನು.

“ಮಲಯಾಳದ್ದು ಹನ್ನೊಂದು ಇತ್ತು ಅಂತ ಹೇಳಿದ್ರಲ್ಲ. ಇಲ್ಲಿ ಹತ್ತೇ ಉಂಟು?”

“ಒಂದು ಅಚ್ಚಿಗಲ್ಲ.”

“ಅದೇ ಚಂದದ್ದು ಇರ್ಬೇಕು ಹಾಗಾದ್ರೆ.”

“ನಿಮಗ್ಯಾಕ್ರೀ ಅದು?” ಎಂದು ಫೋನಿಟ್ಟೆ. ಅಲ್ವಿನ್ ಏನೂ ಬಾಯಿ ಬಿಟ್ಟಿಲ್ಲವೆಂದು ಇದರಿಂದಲೇ ಗೊತ್ತಾಯಿತು. ಅವತ್ತು ಅವನಿಗೆ ಅಂದದ್ದು ಹೆಚ್ಚಾಯಿತು. ಫೋನ್ ಮಾಡಿ ಹೇಳಬೇಕು. ನಾಳೆ ಮಾಡುತ್ತೇನೆ.

ಮಾರ್ಚ್ 7, ಶುಕ್ರವಾರ

ನಿನ್ನೆ ಸಂಜೆ ಲ್ಯಾಬಿನಿಂದ ಹೊರಗೆ ಬರುತ್ತಿದ್ದಾಗ ವಿಜಯಶ್ರೀಯ ನಂಬರಿನಿಂದ ಫೋನು. ಎತ್ತಿದರೆ ಪಾವನಾ. ಈ ಮೂರು ವರ್ಷದಲ್ಲಿ ಅವಳಾಗಿ ಮಾಡಿದ ಮೊದಲ ಫೋನು. ಕಾರ್ಖಾನೆಯ ಸದ್ದಿನಲ್ಲಿ ಕೇಳಿಸದೇ ಹೋದೀತೆಂದು ಗೋಡೆಯ ಕಡೆ ತಿರುಗಿ ನಿಂತು ಇನ್ನೊಂದು ಕಿವಿ ಮುಚ್ಚಿಕೊಂಡೆ.

“ಅಪ್ಪಾ” ಎಂದಳು. ಆಮೇಲೆ ನಿಧಾನವಾಗಿ, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಒಂದು ವಾಕ್ಯ ಹೇಳಿದಳು. ನನಗೆ ತಿಳಿಯಲಿ ಎಂದು ಅಷ್ಟು ನಿಧಾನ. ದನಿಯಲ್ಲಿ ಹೆದರಿಕೆ ಇರಲಿಲ್ಲ.

ಹೇಳಿ ಕಾದಳು. ನಾನು ತಿದ್ದುವುದನ್ನೇ ಕಾಯುತ್ತಿದ್ದಾಳೆಂದು ನನಗೆ ಗೊತ್ತು. “ಆತವಾ” ಎಂದೆ. “ಶೆರಿ ಅಪ್ಪಾ” ಎಂದು ಫೋನಿಟ್ಟಳು.

ಇವತ್ತು ಎಲ್ಲರ ಮೇಲೂ ಹರಿಹಾಯ್ದೆ. ಕ್ಯಾಂಟೀನಿನ ಸಾಂಬಾರಿನ ಮೇಲೆ, ಅಮೋನಿಯಾ ವಾಸನೆಯ ಮೇಲೆ, ಶುಕ್ರವಾರವಾದರೂ ಹೊರಡಲಿಲ್ಲವೇ ಸಾರ್ ಎಂದು ಕೇಳಿದ ಗೇಟಿನವನ ಮೇಲೆ. ಹೊರಡಲಿಲ್ಲ. ನನ್ನ ರೈಲು ಇಷ್ಟು ಹೊತ್ತಿಗೆ ಆಲಪ್ಪುಳ ದಾಟಿರುತ್ತದೆ.

“ಈ ಆಳ್ಚ ವರಂಡ” ಎಂದಿದ್ದಳು. ಈ ವಾರ ಬರಬೇಡ. ಒಂಬತ್ತು ವರ್ಷದಲ್ಲಿ ಯಾರನ್ನೂ ಕೇಳದೆ ನನಗೆ ಪೂರ್ತಿ ಅರ್ಥವಾದ ಮೊದಲ ಮಲಯಾಳ ವಾಕ್ಯ ಅದು.